ಸನ್ನೆಗೋಲಿನಿಂದ ಇಳಿಯುವ ಕಾಫಿ

ಮದುವೆ ಮನೆಯಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಮಂಟಪದ ಮೂಲೆಯಿಂದ ‘ಬುಸ್’ ಎಂಬ ಸದ್ದು ಕೇಳಿಸುತ್ತದೆ. ಹೊಳೆಯುವ ಉಕ್ಕಿನ ಯಂತ್ರ, ಅದರ ಕೊಳವೆಯಿಂದ ನುಗ್ಗುವ ಹಬೆ, ಲೋಟದ ತುಂಬ ನೊರೆ, ಅದರ ಮೇಲೊಂದು ಚಿಟಿಕೆ ಕಂದು ಪುಡಿ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಇದನ್ನು ‘ಎಕ್ಸ್‌ಪ್ರೆಸ್ಸೋ ಕಾಫಿ’ ಎಂದೇ ಕರೆಯುವುದುಂಟು. ಆದರೆ ಅಲ್ಲಿ ಹಬೆ ಹಾಯುವುದು ಹಾಲಿನೊಳಗೆ. ಕಾಫಿ ದಿಢೀರ್ ಪುಡಿಯದು. ಇಟಲಿಯವರ ‘ಎಸ್ಪ್ರೆಸೊ’ ಎಂಬ ಮಾತಿಗೆ ಒತ್ತಿ ತೆಗೆದದ್ದು ಎಂಬ ಅರ್ಥವೂ ಇದೆ, ಕೇಳಿದವರಿಗೆ ಆಗಿಂದಾಗಲೇ ಮಾಡಿಕೊಟ್ಟದ್ದು ಎಂಬ ಅರ್ಥವೂ ಇದೆ. ನಮ್ಮಲ್ಲಿಗೆ ಬಂದದ್ದು ಹೆಸರು. ಒತ್ತುವ ಕ್ರಮ ಅಲ್ಲೇ ಉಳಿಯಿತು.

ಹಾಗೆಂದು ಒತ್ತುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಶಾವಿಗೆ ಒರಳು ಇದ್ದೇ ಇರುತ್ತಿತ್ತು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲೇ ಒರಳಿಗೆ ತುಂಬಿ, ತಿರುಪನ್ನೋ ಉದ್ದನೆಯ ಹಿಡಿಯನ್ನೋ ಬಲವಾಗಿ ನೂಕಿದರೆ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತದೆ. ಬಿಸಿ ಆರಬಾರದು, ಒತ್ತಡ ನಡುವೆ ನಿಲ್ಲಬಾರದು, ಹಿಟ್ಟಿನ ಹದ ತಪ್ಪಬಾರದು. ಕೈಯಿಂದ ಒತ್ತುವ ಕಾಫಿ ಯಂತ್ರದ ನಿಯಮಗಳೂ ಈ ಮೂರೇ.

ಹಬೆಯಿಂದ ಬೆಣೆಗೆ

ಕಾಫಿಯನ್ನು ಬೇಗ ಇಳಿಸಬೇಕೆಂಬ ಹಂಬಲ ಯುರೋಪಿನಲ್ಲಿ ಹಬೆಯೊಂದಿಗೆ ಆರಂಭವಾಯಿತು. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಹಬೆಯ ಬಲದಿಂದ ಕಾಫಿ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಲೋಟಕ್ಕೆ ಒಗ್ಗಿಸಿದ. ಅವನ ಹಕ್ಕನ್ನು ಕೊಂಡ ಡೆಸಿಡೇರಿಯೊ ಪವೋನಿ ಅಂಥ ಯಂತ್ರಗಳನ್ನು ತಯಾರಿಸಿ ಮಾರಿದ. ಆದರೆ ಹಬೆಯ ಒತ್ತಡ ವಾಯುಮಂಡಲದ ಒತ್ತಡದ ಒಂದೂವರೆಯಷ್ಟನ್ನು ದಾಟುವುದೇ ಕಷ್ಟವಾಗಿತ್ತು. ಅದನ್ನು ಹೆಚ್ಚಿಸ ಹೊರಟರೆ ನೀರು ಅತಿಯಾಗಿ ಕಾದು ಕಾಫಿ ಕಮರಿಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ಮಿಲಾನಿನ ಅಕಿಲ್ಲೆ ಗಾಜಿಯಾ. ಹಬೆಯನ್ನು ಬಿಟ್ಟು, ಬಿಸಿ ನೀರನ್ನು ಕೊಳವೆಯೊಳಗೆ ಆಡುವ ಬೆಣೆಯಿಂದ ನೂಕುವ ಉಪಾಯವನ್ನು ಅವನು 1938ರಲ್ಲಿ ಕಂಡುಕೊಂಡ. ಮೊದಲ ಯಂತ್ರದಲ್ಲಿದ್ದದ್ದು ನಮ್ಮ ಶಾವಿಗೆ ಒರಳಿನಂಥದೇ ತಿರುಪು. ಯುದ್ಧ ಮುಗಿದ ಮೇಲೆ, 1947–48ರಲ್ಲಿ, ತಿರುಪಿನ ಜಾಗಕ್ಕೆ ಸನ್ನೆಗೋಲು ಮತ್ತು ಸ್ಪ್ರಿಂಗು ಬಂದವು. ಹಿಡಿಯನ್ನು ಕೆಳಗೆಳೆದರೆ ಸ್ಪ್ರಿಂಗು ಕುಗ್ಗುತ್ತದೆ. ಬಿಟ್ಟಾಗ ಅದು ಹಿಗ್ಗುತ್ತಾ ಬೆಣೆಯನ್ನು ಒತ್ತುತ್ತದೆ. ಕಾಫಿಯ ಮೇಲೆ ಹೊಂಬಣ್ಣದ ತೆಳು ನೊರೆ ಕಟ್ಟಿದ್ದು ಆಗಲೇ. 1961ರಲ್ಲಿ ಫಯೇಮಾ ಸಂಸ್ಥೆಯ ವಿದ್ಯುತ್ ಪಂಪಿನ ಯಂತ್ರ ಬಂದ ಮೇಲೆ ಹೋಟೆಲುಗಳಲ್ಲಿ ಸನ್ನೆಗೋಲು ಹಿಂದೆ ಸರಿಯಿತು. ಆದರೆ ಚಿಕ್ಕ ಮನೆಯಂತ್ರಗಳಲ್ಲಿ ಉಳಿದುಕೊಂಡಿತು.

ಗಗನಚುಕ್ಕಿಯ ಲೆಕ್ಕ

ಗಾಜಿಯಾನ ಯಂತ್ರ ಕೊಡುವ ಒತ್ತಡ ಸುಮಾರು 9 ಬಾರ್. ಇದು ಎಷ್ಟೆಂದು ತಿಳಿಯಲು ಮಳವಳ್ಳಿ ತಾಲ್ಲೂಕಿನವರು ದೂರ ಹೋಗಬೇಕಿಲ್ಲ. ಸುಮಾರು 90 ಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿರುವ ಒತ್ತಡವೇ 9 ಬಾರ್. ಗಗನಚುಕ್ಕಿಯ ಎತ್ತರ ಹೆಚ್ಚು ಕಡಿಮೆ ಅಷ್ಟೇ. ಜಲಪಾತದ ನೆತ್ತಿಯಿಂದ ಬುಡದವರೆಗೆ ಒಂದು ಕೊಳವೆ ಇಳಿಸಿ ನೀರು ತುಂಬಿದರೆ ಕೆಳತುದಿಯಲ್ಲಿ ಸಿಗುವ ಬಲವನ್ನು ಅಂಗೈಯಗಲದ ಪಾತ್ರೆಯೊಳಗೆ ತರಬೇಕು. ಕಾವೇರಿ ಎತ್ತರದಿಂದ ಇಳಿಯುವ ಬಲವನ್ನೇ ಹಿಡಿದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು 1902ರಲ್ಲಿ, ಅಂದರೆ ಬೆಜ್ಜೆರಾನ ಯಂತ್ರದ ಮರುವರ್ಷ.

ಮನುಷ್ಯನ ತೋಳಿಗೆ ಇಷ್ಟು ಬಲ ಎಲ್ಲಿಂದ ಬರಬೇಕು? ಬೆಣೆಯ ವ್ಯಾಸ 58 ಮಿಲಿಮೀಟರ್ ಇದ್ದರೆ 9 ಬಾರ್ ಒತ್ತಡಕ್ಕೆ ಸುಮಾರು 240 ಕಿಲೋ ಭಾರ ಹೇರಬೇಕು. ವ್ಯಾಸ 40 ಮಿಲಿಮೀಟರ್ ಆದರೆ 115 ಕಿಲೋ ಸಾಕು. ಸನ್ನೆಗೋಲು ಬಲವನ್ನು ಆರು ಪಟ್ಟು ಮಾಡಿದರೆ ಮೊದಲನೆಯದಕ್ಕೆ 40 ಕಿಲೋ, ಎರಡನೆಯದಕ್ಕೆ 19 ಕಿಲೋ. ಮನೆಯಲ್ಲಿ ವಯಸ್ಸಾದವರೂ ಕಾಫಿ ಮಾಡುವುದಾದರೆ ಈ ಲೆಕ್ಕ ಮುಖ್ಯ.

ನಮ್ಮ ಬೀಜ, ಅವರ ಲೋಟ

ಬಾಬಾಬುಡನ್ ಯೆಮೆನ್ನಿನಿಂದ ಏಳು ಬೀಜ ತಂದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಆ ಬೀಜದ ಮುಂದಿನ ಪಯಣ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಇಂದಿಗೂ ರಫ್ತಾಗುತ್ತದೆ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ರೊಬಸ್ಟಾ ಬೆರೆತರೆ ನೊರೆ ದಪ್ಪನಾಗಿ ಕಟ್ಟುತ್ತದೆಂದು ಅಲ್ಲಿನವರು ಅದನ್ನು ಮೆಚ್ಚುತ್ತಾರೆ. ಕೊಡಗಿನ ಬೆಳೆಗಾರ ಒಣಗಿಸಿ ಕಳಿಸಿದ ಬೀಜ ಹೀಗೆ ಇಟಲಿಯ ಸನ್ನೆಗೋಲಿನ ಕೆಳಗೆ ಹಾದುಹೋದದ್ದುಂಟು. ಇತ್ತ, ಆ ತೋಟಗಳಿಗೆ ಒಂದು ಹಗಲಿನ ದಾರಿಯಲ್ಲಿರುವ ಮಂಡ್ಯ ಸೀಮೆಯವರು ಚಿಕೋರಿ ಬೆರೆತ ಪುಡಿಯನ್ನು ಫಿಲ್ಟರಿಗೆ ಹಾಕಿ, ಹನಿ ಹನಿಯಾಗಿ ಇಳಿದ ಡಿಕಾಕ್ಷನ್‌ಗೆ ಬೆಲ್ಲವನ್ನೋ ಸಕ್ಕರೆಯನ್ನೋ ಸೇರಿಸಿ ಕುಡಿದರು. ಫಿಲ್ಟರಿನದು ಕೀಳು ವಿದ್ಯೆಯಲ್ಲ. ಅಲ್ಲಿ ಕೆಲಸ ಮಾಡುವುದು ಒತ್ತಡವಲ್ಲ, ಕಾಲ. ಪಂಪಿನ ಯಂತ್ರದ ಎಸ್ಪ್ರೆಸೊ ನಮ್ಮ ಯುವಜನರಿಗೆ ಪರಿಚಯವಾದದ್ದು, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆದ ಕಾಲದ ಆಸುಪಾಸಿನಲ್ಲಿ.

ಕೊಳ್ಳುವ ಮುನ್ನ

ಕಳೆದ ಎರಡು ದಶಕಗಳಲ್ಲಿ ಬಾಯ್ಲರ್ ಇಲ್ಲದ, ವಿದ್ಯುತ್ ಬೇಡದ ಸಣ್ಣ ಸನ್ನೆಗೋಲು ಯಂತ್ರಗಳು ಬಂದಿವೆ. ಒಲೆಯ ಮೇಲೆ ಕಾಯಿಸಿದ ನೀರನ್ನು ಸುರಿದು ಒತ್ತಿದರಾಯಿತು. ಪಂಪು, ಹೀಟರು ಇಲ್ಲದಿರುವುದರಿಂದ ಬೆಲೆಯೂ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಕರೆಂಟು ಹೋದರೂ ಕಾಫಿ ನಿಲ್ಲುವುದಿಲ್ಲ. ಸವೆಯುವುದು ಮುಖ್ಯವಾಗಿ ರಬ್ಬರಿನ ಬಳೆ. ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಸ್ಪ್ರಿಂಗಿನ ಯಂತ್ರದಲ್ಲಿ ಒತ್ತಡ ಪ್ರತಿ ಸಲವೂ ಒಂದೇ ಬಗೆಯಾಗಿರುತ್ತದೆ. ನೇರ ಒತ್ತುವುದರಲ್ಲಿ ಅದು ಕೈಯ ಅಳತೆಗೆ ಬಿಟ್ಟದ್ದು. ಒತ್ತಡ ತೋರುವ ಮಾಪಕವಿದ್ದರೆ ಹದ ಬೇಗ ಕೈಗೆ ಹತ್ತುತ್ತದೆ.

ಉಳಿಸಿದ ಹಣವನ್ನು ಬೀಸುವ ಯಂತ್ರಕ್ಕೆ ಹಾಕುವುದು ಜಾಣತನ. ಸುಮಾರು 16 ಗ್ರಾಂ ಪುಡಿಯ ಮೂಲಕ ಅರ್ಧ ನಿಮಿಷದಲ್ಲಿ 35 ಮಿಲಿಲೀಟರಿನಷ್ಟು ಕಾಫಿ ಇಳಿಯಬೇಕಾದರೆ ಪುಡಿ ನುಣ್ಣಗೆ, ಒಂದೇ ಸಮನಾಗಿರಬೇಕು. ಮಿಕ್ಸಿಯಿಂದ ಇದು ಸಾಧ್ಯವಿಲ್ಲ. ಅಂಗಡಿಯ ಫಿಲ್ಟರ್ ಪುಡಿಯೂ ಸಾಮಾನ್ಯವಾಗಿ ಇದಕ್ಕೆ ದಪ್ಪ. ಚಿಕೋರಿ ನೀರು ಕುಡಿದು ಮೆತ್ತಗಾಗಿ ದಾರಿ ಕಟ್ಟಿಬಿಡಬಹುದು. ಆದ್ದರಿಂದ ಶುದ್ಧ ಕಾಫಿಯೇ ಲೇಸು. ಲೋಹದ ಭಾಗಗಳನ್ನು ಮೊದಲು ಬಿಸಿನೀರಿನಲ್ಲಿ ಕಾಯಿಸಿಕೊಳ್ಳದಿದ್ದರೆ ಕಾಫಿ ಹುಳಿಯಾಗುತ್ತದೆ.

ಇನ್ನೊಂದು ಮಾತು. ಈ ಯಂತ್ರ ಒಂದು ಸಲಕ್ಕೆ ಒಬ್ಬರಿಗೆ ಕಾಫಿ ಕೊಡುತ್ತದೆ. ಬೆಳಿಗ್ಗೆ ಎಂಟು ಲೋಟ ಬೇಕಾಗುವ ಮನೆಯಲ್ಲಿ ಎಂಟು ಸಲ ತುಂಬಿ, ಒತ್ತಿ, ತೊಳೆಯುವವರು ಯಾರು ಎಂಬುದನ್ನು ಬೆಲೆ ಕೇಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಶಾವಿಗೆ ಒರಳಿನ ಹಿಡಿಯನ್ನು ತಲೆಮಾರುಗಳ ಕಾಲ ನೂಕಿದವರು ಹೆಚ್ಚಾಗಿ ಹೆಂಗಸರೇ. ಹೊಸ ಸನ್ನೆಗೋಲೂ ಅವರ ಪಾಲಿಗೇ ಬರುವುದಾದರೆ ಆ ಮನೆಗೆ ಹಳೆಯ ಫಿಲ್ಟರೇ ಸರಿ. ಕುಡಿಯುವವನೇ ಒತ್ತುವುದಾದರೆ ಕೊಂಡ ಹಣ ಸಾರ್ಥಕ.