ಯಮುನೆಯ ನೀರು, ಗಾಜಿನ ತೊಟ್ಟಿ ಮತ್ತು ಕಾಣದ ಬೆಳಕು

ನೋಯ್ಡಾದಲ್ಲಿರುವ ನನ್ನ ಭಾವನವರ ಮನೆಯ ಹಜಾರದಲ್ಲಿ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಅಂಚಿನವರೆಗೆ ತುಂಬಿದರೆ 680 ಲೀಟರು. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 600. ಕಳೆದ ಮಳೆಗಾಲದಲ್ಲಿ ಹೊಸದಾಗಿ ತಂದು ಬಿಟ್ಟ ನಾಲ್ಕು ಮೀನುಗಳ ಜೊತೆಗೆ ಬಿಳಿ ಚುಕ್ಕೆಯ ರೋಗವೂ ಬಂದು, ಹತ್ತು ದಿನಗಳಲ್ಲಿ ಹನ್ನೊಂದು ಮೀನುಗಳು ಸತ್ತವು. ಅವುಗಳಲ್ಲಿ ಎರಡು, ಅಕ್ಕನ ಮಗಳು ಓದಲೆಂದು ಹೊರದೇಶಕ್ಕೆ ಹೋಗುವ ಮುನ್ನ ಹೆಸರಿಟ್ಟು ಸಾಕಿದಂಥವು. ಆ ಸುದ್ದಿಯನ್ನು ಅವಳಿಗೆ ಫೋನಿನಲ್ಲಿ ತಿಳಿಸುವವರು ಯಾರೆಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಅಂಗಡಿಯವನು ಯು.ವಿ. ಸ್ಟೆರಿಲೈಜರ್ ಹಾಕಿಸಿ, ಇರುವುದರಲ್ಲೇ ಹೆಚ್ಚು ವ್ಯಾಟಿನದನ್ನು ಕೊಳ್ಳಿ ಎಂದಿದ್ದ. "ನೀನು ಹಳೆಯ ಕಾಗದಪತ್ರ ಕೆದಕುವವನಲ್ಲವೇನಯ್ಯ, ಈ ದೀಪದ ಹಣೆಬರಹ ಏನೆಂದು ಸ್ವಲ್ಪ ನೋಡಿ ಹೇಳು" ಎಂದರು ಭಾವ. ನೋಡಹೊರಟವನಿಗೆ ದೀಪದ ಕತೆಯೊಡನೆ ಈ ಊರಿನ ನೀರಿನ ಕತೆಯೂ ಎದುರಾಯಿತು.

ಮೀನುಗಳ ಅರಿವು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ; ಮೀನುಗಳ ಜಾತಿ, ಅವು ಇರುವ ನೀರು, ಅವಕ್ಕೆ ಹಾಕಬೇಕಾದ ಆಹಾರ ಎಲ್ಲವನ್ನೂ ದೊರೆ ಸಾವಧಾನವಾಗಿ ಹೇಳುತ್ತಾನೆ. ಆದರೆ ಅವನ ಮೀನುಗಳು ಗಾಜಿನ ತೊಟ್ಟಿಯವಲ್ಲ. ನಾಲ್ಕು ಕಡೆಯಿಂದಲೂ ನೋಡಬಹುದಾದ ಗಾಜಿನ ತೊಟ್ಟಿ ತೀರ ಈಚಿನದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹ ತೆರೆದದ್ದು 1853ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯಕ್ಕೆ ನಾವು 1983ರವರೆಗೆ ಕಾಯಬೇಕಾಯಿತು. ಕೆರೆಯಲ್ಲಿ ರೋಗಾಣುವಿಗೂ ಮೀನಿಗೂ ನಡುವೆ ದೂರವಿರುತ್ತದೆ. ತೊಟ್ಟಿಯಲ್ಲಿ ಆ ದೂರ ಇಲ್ಲ.

ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂದು ತೋರಿಸಿಕೊಟ್ಟವರು ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಎಂಬ ಇಬ್ಬರು ಆಂಗ್ಲರು. 1877ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳೂ ಮಾಡಬಹುದು: ಸೂಕ್ಷ್ಮಜೀವಿಗಳು ಬೆಳೆಯುವ ದ್ರವವನ್ನು ಕೊಳವೆಗಳಲ್ಲಿ ತುಂಬಿ, ಕೆಲವನ್ನು ಬಿಸಿಲಿಗೊಡ್ಡಿ, ಕೆಲವಕ್ಕೆ ಸೀಸದ ತಗಡು ಸುತ್ತಿಟ್ಟರು. ಸುತ್ತಿದವು ಕದಡಿಕೊಂಡವು, ಬಿಸಿಲಿನವು ತಿಳಿಯಾಗಿಯೇ ಉಳಿದವು. ಇಪ್ಪತ್ತು ವರ್ಷಗಳೊಳಗೆ, 1896ರಲ್ಲಿ, ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾನ್ಕಿನ್, ಗಂಗೆ-ಯಮುನೆಗಳ ನೀರಿನಲ್ಲಿ ಕಾಲರಾ ಜೀವಾಣು ಸಾಯುತ್ತದೆ, ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದರು. ಇದಕ್ಕೂ ಬೆಳಕಿಗೂ ಸಂಬಂಧವಿಲ್ಲ. ಆದರೂ ಇಂದಿನ ಯಮುನೆಯನ್ನು ದಿನವೂ ಸೇತುವೆಯ ಮೇಲಿಂದ ನೋಡುವವನಿಗೆ ಈ ಸಾಲನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ.

ಬಿಸಿಲಿನ ಕೆಲಸವನ್ನು ದೀಪದಿಂದ ಮಾಡಿಸಲು ಎರಡು ವಸ್ತುಗಳು ಬೇಕಾದವು: 20ನೆಯ ಶತಮಾನದ ಆರಂಭದಲ್ಲಿ ಬಂದ ಪಾದರಸದ ಆವಿಯ ದೀಪ ಮತ್ತು ಅದರ ಕಿರಣವನ್ನು ತಡೆಯದೆ ಹೊರಬಿಡುವ ಸ್ಫಟಿಕದ ಗಾಜು. ಈ ದೀಪದ ಮುಖ್ಯ ಕಿರಣದ ತರಂಗಾಂತರ ಸುಮಾರು 254 ನ್ಯಾನೊಮೀಟರ್. ಸೂರ್ಯನಲ್ಲೂ ಅದು ಇದೆ, ಆದರೆ ಓಝೋನ್ ಪದರ ಅದನ್ನು ನೆಲಕ್ಕೆ ಇಳಿಯಗೊಡುವುದಿಲ್ಲ. ಅದು ಜೀವಕೋಶದ ಡಿ.ಎನ್.ಎ.ಯನ್ನು ಕೆಡಿಸಿ ಸಂತಾನವನ್ನೇ ನಿಲ್ಲಿಸುತ್ತದೆ. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಕುಡಿಯುವ ನೀರಿಗೆ ಈ ದೀಪ ಬಳಸಿ ನೋಡಿದರು. ದೀಪಗಳು ನಂಬಿಕೆಗೆ ಯೋಗ್ಯವಾಗಿರಲಿಲ್ಲ, ಖರ್ಚು ಹೆಚ್ಚು. ಅಗ್ಗದ ಕ್ಲೋರಿನ್ ಬಂದು ಬೆಳಕನ್ನು ಬದಿಗೆ ಸರಿಸಿತು. ಬೆಳಕಿಗೆ ಇನ್ನೊಂದು ಕೊರತೆಯೂ ಇತ್ತು. ಕ್ಲೋರಿನ್ ನೀರಿನಲ್ಲಿ ಉಳಿದು ಮೈಲುಗಟ್ಟಲೆ ಕೊಳವೆಯುದ್ದಕ್ಕೂ ಕಾವಲಿರುತ್ತದೆ. ಬೆಳಕು ದೀಪದ ಎದುರು ಮಾತ್ರ ಕೆಲಸಮಾಡಿ, ಆಮೇಲೆ ಏನನ್ನೂ ಉಳಿಸುವುದಿಲ್ಲ.

ಹೀಗೆ ಗೆದ್ದ ಕ್ಲೋರಿನ್ನಿನ ಮಿತಿಯನ್ನು ಜಗತ್ತಿಗೆ ತೋರಿಸಿದ್ದು ದೆಹಲಿ. 1955ರ ಮಳೆಗಾಲದ ನೆರೆಯ ನಂತರ ಯಮುನೆ ತನ್ನ ಪಾತ್ರವನ್ನು ಸರಿಸಿಕೊಂಡಿತು. ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಸ್ಥಳದ ಕೆಳಗೆ ಹೊಳೆ ಸೇರಬೇಕಾದ ನಜಫ್‌ಗಢ ನಾಲೆಯ ಕೊಳಚೆ ಹಿಮ್ಮುಖವಾಗಿ ಅಲ್ಲಿಗೇ ನುಗ್ಗಿತು. ಅಧಿಕಾರಿಗಳು ಸುಮ್ಮನೆ ಕೂರಲಿಲ್ಲ, ಕ್ಲೋರಿನ್ ಹೆಚ್ಚಿಸಿದರು. ಅದರಿಂದ ವಿಷಮಶೀತಜ್ವರವಾಗಲಿ ಆಮಶಂಕೆಯಾಗಲಿ ಏರಲಿಲ್ಲ. ಆದರೆ ಆ ವರ್ಷದ ಕೊನೆ ಮತ್ತು 1956ರ ಜನವರಿಯ ನಡುವೆ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂದಿತು. ಗರ್ಭಿಣಿಯರಿಗೆ ಅದು ವಿಶೇಷವಾಗಿ ಘಾತಕವಾಯಿತು. ಬ್ಯಾಕ್ಟೀರಿಯಾ ಸತ್ತಿದ್ದವು, ವೈರಸ್ ದಾಟಿಬಂದಿತ್ತು. ಅದು ಇಂದು ಹೆಪಟೈಟಿಸ್ ಇ ಎಂದು ಕರೆಯಲ್ಪಡುವ ರೋಗವೆಂದು ಗೊತ್ತಾಗಲು ದಶಕಗಳೇ ಬೇಕಾದವು. ಒಂದು ಜೀವಿಯನ್ನು ಕೊಂದ ಪ್ರಮಾಣ ಇನ್ನೊಂದಕ್ಕೂ ಸಾಕೆಂದು ಭಾವಿಸಬಾರದೆಂಬುದನ್ನು ಈ ಊರು ಇಷ್ಟು ಬೆಲೆ ತೆತ್ತು ಕಲಿಯಿತು.

ಬೆಳಕಿನ ವಿಷಯದಲ್ಲೂ ಇದೇ ಲೆಕ್ಕ. ಮನೆಯ ಕುಡಿಯುವ ನೀರಿನ ಯು.ವಿ. ಯಂತ್ರಕ್ಕೆ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಎಂಬುದು ಪರಿಚಿತ ಮಾನದಂಡ; ಅಡಿನೊವೈರಸ್ ಎಂಬ ಗಟ್ಟಿ ವೈರಸ್ಸನ್ನು ಹತ್ತು ಸಾವಿರಕ್ಕೊಂದರ ಮಟ್ಟಕ್ಕೆ ಇಳಿಸಲು 186 ಬೇಕೆಂದು ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕ. ನೀರನ್ನು ಹಸಿರಾಗಿಸುವ ತೇಲುಪಾಚಿಗೆ ಸಾಧಾರಣ ದೀಪ ಸಾಕು. ಬಿಳಿ ಚುಕ್ಕೆಯ ಪರಾವಲಂಬಿಗೆ ಬ್ಯಾಕ್ಟೀರಿಯಾಕ್ಕೆ ಬೇಕಾದುದರ ಹಲವು ಪಟ್ಟು ಬೇಕು. ಈ ಪ್ರಮಾಣ ಬರುವುದು ಬೆಳಕಿನ ತೀಕ್ಷ್ಣತೆಯನ್ನು ನೀರು ಅದರೆದುರು ಇರುವ ಕಾಲದಿಂದ ಗುಣಿಸಿದಾಗ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ವ್ಯಾಟು. ಕಾಲವನ್ನು ಕೊಳ್ಳುವವನೇ ಲೆಕ್ಕಹಾಕಬೇಕು. ದೀಪದ ಕೊಳವೆಯಲ್ಲಿ ಒಂದು ಲೀಟರು ನೀರು ಹಿಡಿಯುವುದಾದರೆ, ಗಂಟೆಗೆ 1000 ಲೀಟರಿನ ಪಂಪಿಗೆ ಪ್ರತಿ ಹನಿಯೂ ಸರಾಸರಿ 3.6 ಸೆಕೆಂಡು ಬೆಳಕಿನಲ್ಲಿರುತ್ತದೆ. 3000 ಲೀಟರಿನ ಪಂಪಿಗೆ 1.2 ಸೆಕೆಂಡು ಮಾತ್ರ. ದೊಡ್ಡ ದೀಪ ಕೊಂಡು ದೊಡ್ಡ ಪಂಪಿಗೆ ಜೋಡಿಸುವವರು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುತ್ತಾರೆ. ಹಾಗೆಂದು ತೀರ ನಿಧಾನವೂ ಸಲ್ಲದು. 600 ಲೀಟರಿನ ತೊಟ್ಟಿಯಿಂದ 600 ಲೀಟರು ಹರಿದುಹೋದಾಗ ಎಲ್ಲ ನೀರೂ ದೀಪ ಕಂಡಿತೆಂದಲ್ಲ. ಕಂಡದ್ದೂ ಕಾಣದ್ದೂ ಬೆರೆಯುತ್ತಲೇ ಇರುವುದರಿಂದ ನೂರಕ್ಕೆ 37 ಪಾಲು ಬೆಳಕು ಕಾಣದೆಯೇ ಉಳಿದಿರುತ್ತದೆ. ಮೂರು ಸುತ್ತಿಗೆ ಅದು 5ಕ್ಕೆ ಇಳಿಯುತ್ತದೆ.

ಮಾರ್ಸೇಲಿನಲ್ಲಿ ಕೊರತೆಯಾಗಿದ್ದ ಗುಣವೇ ಇಲ್ಲಿ ವರವಾಗುತ್ತದೆ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಸೋಸುಗದ ಸ್ಪಂಜಿನಲ್ಲಿ ನೆಲೆಸಿ ಅಮೋನಿಯವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬೆಳಕು ಸ್ಪಂಜಿನವರೆಗೆ ಹೋಗುವುದೇ ಇಲ್ಲ. ಆದರೆ ಅದೇ ಕಾರಣಕ್ಕೆ ಅದು ಮೀನಿನವರೆಗೂ ಹೋಗುವುದಿಲ್ಲ. ಬಿಳಿ ಚುಕ್ಕೆಯ ಜೀವಿ ಮೀನಿನ ಚರ್ಮದೊಳಗೆ ಬೆಳೆದು, ಉದುರಿ, ತಳದ ಮರಳಿನಲ್ಲಿ ಕೋಶ ಕಟ್ಟಿ, ಒಡೆದು ನೂರಾರು ಮರಿಗಳಾಗಿ ಈಜುತ್ತದೆ. ದೀಪಕ್ಕೆ ಸಿಗುವುದು ಈ ಈಜುವ ಹಂತ ಮಾತ್ರ, ಅದೂ ಪಂಪಿನ ಬಾಯಿ ಮೀನಿಗಿಂತ ಮೊದಲು ಎದುರಾದರೆ. ಸ್ಟೆರಿಲೈಜರ್ ಎಂಬ ಹೆಸರು ವ್ಯಾಪಾರಿಯ ಉತ್ಪ್ರೇಕ್ಷೆಯೆಂದು ನಾನು ಭಾವನವರಿಗೆ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. "ಹಾಗಾದರೆ ಹನ್ನೊಂದು ಮೀನೂ ಹೋಗುತ್ತಲೇ ಇದ್ದವೇ?" ಎಂದು ಕೇಳಿದರು. ದೀಪ ಸಾವನ್ನು ಕಡಿಮೆ ಮಾಡುತ್ತಿತ್ತೇನೋ. ಹೊಸ ಮೀನುಗಳನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟಿದ್ದರೆ ರೋಗ ದೊಡ್ಡ ತೊಟ್ಟಿಗೆ ಬರುವುದೇ ಬಹುಮಟ್ಟಿಗೆ ತಪ್ಪುತ್ತಿತ್ತು ಎಂದೆ.

ಕೊನೆಯ ಪಾಠ ಅಶೋಕ್ ಗಾಡ್ಗೀಳರದು. 1992–93ರಲ್ಲಿ ಹೊಸ ಬಗೆಯ ಕಾಲರಾ ಬಂಗಾಳದ ಸೀಮೆಯಲ್ಲಿ ಹಬ್ಬಿದಾಗ, ಮುಂಬಯಿಯಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಈ ವಿಜ್ಞಾನಿ ಹಳ್ಳಿಗಳಿಗಾಗಿ ನಿಮಿಷಕ್ಕೆ 15 ಲೀಟರು ನೀರು ಶುದ್ಧಮಾಡುವ ಯಂತ್ರ ರೂಪಿಸಿದರು. ಅದರಲ್ಲಿ ದೀಪ ನೀರಿನೊಳಗಿಲ್ಲ. ಮೇಲೆ ತೂಗಿಕೊಂಡಿದೆ, ನೀರು ಕೆಳಗೆ ಹರಿಯುತ್ತದೆ. ಕಾರಣ, ನೀರಲ್ಲಿ ಮುಳುಗಿದ ಗಾಜಿನ ಕವಚದ ಮೇಲೆ ಸುಣ್ಣ ಕೂತು ಬೆಳಕನ್ನೇ ತಡೆಯುತ್ತದೆ. ತೊಟ್ಟಿಯ ದೀಪಗಳು ಸಾಮಾನ್ಯವಾಗಿ ಕವಚದವೇ. ನೋಯ್ಡಾದಲ್ಲಿ ಗಂಗಾ ಕಾಲುವೆಯ ನೀರಿಗೆ ಕೊಳವೆಬಾವಿಯ ಗಡಸು ನೀರು ಬೆರೆಯುತ್ತದೆ. ಚಹಾ ಕಾಯಿಸುವ ಪಾತ್ರೆಯ ತಳ ನೋಡಿದರೆ ಸಾಕು. ಆದ್ದರಿಂದ ಕವಚವನ್ನು ಸುಲಭವಾಗಿ ಬಿಚ್ಚಿ ತೊಳೆಯಲು ಬರುತ್ತದೆಯೇ, ಬದಲಿ ದೀಪ ದೆಹಲಿಯ ಪೇಟೆಯಲ್ಲಿ ಸಿಗುತ್ತದೆಯೇ ಎಂಬುದೇ ಬ್ರಾಂಡಿನ ಹೆಸರಿಗಿಂತ ಮುಖ್ಯ. ದೀಪ ಉರಿಯುತ್ತಲೇ ಇದ್ದರೂ ಒಂದು ವರ್ಷದ ಹೊತ್ತಿಗೆ ಅದರ ಕಾಣದ ಕಿರಣ ಕ್ಷೀಣಿಸಿರುತ್ತದೆ. ಕಾಣುವ ನೀಲಿ ಬೆಳಕು ಮಾತ್ರ ಎಂದಿನಂತೆಯೇ ಇದ್ದು ಮೋಸಮಾಡುತ್ತದೆ. ಬಿಚ್ಚುವಾಗ ವಿದ್ಯುತ್ ತೆಗೆದಿರಬೇಕು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಲೇಬಾರದು.

ಭಾವ ಕೊನೆಗೆ ಅಂಗಡಿಯವನು ಹೇಳಿದ್ದಕ್ಕಿಂತ ಸಣ್ಣ ದೀಪ ಕೊಂಡು, ಅದಕ್ಕೆಂದೇ ಬೇರೆ ನಿಧಾನದ ಪಂಪು ಹಾಕಿಸಿದರು. ಉಳಿದ ಹಣದಲ್ಲಿ ಬಾಲ್ಕನಿಯಲ್ಲಿ ಒಂದು ಸಣ್ಣ ತೊಟ್ಟಿ ಬಂದಿದೆ. ಹೊಸ ಮೀನುಗಳಿಗೆ ಈಗ ಅಲ್ಲಿ ಆರು ವಾರಗಳ ವನವಾಸ. ದೀಪ ಹಾಕಿದ ತಾರೀಖನ್ನು ಕಾಗದದಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿದ್ದಾರೆ. ಕವಚದ ಮೇಲೆ ಬಿಳಿಯ ಪದರ ಮೂರನೆಯ ವಾರಕ್ಕೇ ಕಾಣಿಸಿಕೊಂಡಿತು. ಅಂದಿನಿಂದ ಅಕ್ಕನ ಅಡುಗೆಮನೆಯಲ್ಲಿ ತಿಂಗಳಿಗೆರಡು ನಿಂಬೆಹಣ್ಣು ಲೆಕ್ಕಕ್ಕೆ ಸಿಗುತ್ತಿಲ್ಲ.