ಎಳೆಗೂಸಿನ ನೋವಿಗೆ ಸಾಕ್ಷಿ

ಹುಟ್ಟಿ ವಾರವಾಗದ ಕೂಸಿಗೆ ನೋವಿನ ಅರಿವಿಲ್ಲವೆಂದು ಯಾವ ತಾಯಿಯ ಮುಂದಾದರೂ ಹೇಳಿದರೆ ಆಕೆ ನಕ್ಕುಬಿಟ್ಟಾಳು. ಆದರೆ ಹೆಸರಾಂತ ವೈದ್ಯರೇ ಬಹುಕಾಲ ಹಾಗೆ ನಂಬಿದ್ದರು. ಆ ನಂಬಿಕೆ ಬೆಳೆದ ಬಗೆಯನ್ನೂ ಅಳಿದ ಬಗೆಯನ್ನೂ ನಾನಿಲ್ಲಿ ಹೇಳಹೊರಟಿದ್ದೇನೆ.

1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಎಂಬಾಕೆ 75 ಶಿಶುಗಳಿಗೆ ಸೂಜಿಮೊನೆ ತಾಗಿಸಿ ಪರೀಕ್ಷಿಸಿದರು. ಆಗಷ್ಟೇ ಹುಟ್ಟಿದ ಕೆಲವು ಕೂಸುಗಳು ಮಿಸುಕಲೇ ಇಲ್ಲ. ಎಳೆಯ ನರಗಳಿಗೆ ಮೈಲಿನ್ ಎಂಬ ಹೊದಿಕೆ ಇನ್ನೂ ಬೆಳೆದಿರುವುದಿಲ್ಲ, ಆದ್ದರಿಂದ ನೋವು ಮಿದುಳನ್ನು ಮುಟ್ಟದು ಎಂಬ ವಾದವೂ ಇತ್ತು. ದೊಡ್ಡವರಲ್ಲಿಯೂ ಹೊದಿಕೆಯಿಲ್ಲದ ನರತಂತುಗಳು ನೋವನ್ನು ಹೊರುತ್ತವೆಂಬುದನ್ನು ಆ ವಾದ ಮರೆತಿತ್ತು.

ಆ ವೈದ್ಯರನ್ನು ಕ್ರೂರಿಗಳೆಂದು ನಾನು ಹೇಳಲಾರೆ. ಅವಧಿಗೆ ಮುನ್ನ ಹುಟ್ಟಿದ ಜೀವ ಅರಿವಳಿಕೆಯ ಮದ್ದನ್ನು ತಾಳಲಾರದೆಂಬ ಅವರ ಭಯ ಬರಿಯ ನೆಪವಲ್ಲ. ಹೀಗಾಗಿ ಸ್ನಾಯುಗಳನ್ನು ನಿಶ್ಚಲಗೊಳಿಸುವ ಮದ್ದನ್ನಷ್ಟೇ, ಅಥವಾ ಅದರೊಡನೆ ತುಸು ನೈಟ್ರಸ್ ಆಕ್ಸೈಡನ್ನು ಕೊಟ್ಟು ಶಸ್ತ್ರಚಿಕಿತ್ಸೆ ನಡೆಸುತ್ತಿದ್ದುದುಂಟು. ಸ್ನಾಯುವಿನ ಮದ್ದು ನೋವನ್ನು ತಡೆಯುವುದಿಲ್ಲ, ಅಳುವನ್ನು ತಡೆಯುತ್ತದೆ. ಸಾಕ್ಷಿಯ ಬಾಯಿ ಕಟ್ಟಿ ಸಾಕ್ಷ್ಯವೇ ಇಲ್ಲವೆಂದ ಹಾಗಾಯಿತು.

1985ರಲ್ಲಿ ಅಮೆರಿಕದಲ್ಲಿ ಹೀಗೆ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಒಂದು ಕೂಸು ಕೆಲವು ವಾರಗಳಲ್ಲಿ ತೀರಿಕೊಂಡಿತು. ಅರಿವಳಿಕೆ ಕೊಟ್ಟಿರಲಿಲ್ಲವೆಂದು ಆಮೇಲೆ ತಿಳಿದ ತಾಯಿ ಸುಮ್ಮನಿರಲಿಲ್ಲ. ಮರುವರ್ಷ ಪತ್ರಿಕೆಗಳ ಮೂಲಕ ಆ ಸಂಗತಿ ನಾಡಿಗೆಲ್ಲ ತಿಳಿಯಿತು.

ಅದೇ ಕಾಲಕ್ಕೆ ಇಂದೂರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಈ ಪ್ರಶ್ನೆಯನ್ನೇ ಹಿಡಿದಿದ್ದರು. ಎದೆಯ ಶಸ್ತ್ರಚಿಕಿತ್ಸೆಗೆ ಬಂದ, ದಿನ ತುಂಬದ 16 ಕೂಸುಗಳಲ್ಲಿ 8ಕ್ಕೆ ವಾಡಿಕೆಯ ಮದ್ದುಗಳ ಜೊತೆಗೆ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಕೊಡಲಾಯಿತು. ಅದನ್ನು ಪಡೆಯದ ಕೂಸುಗಳ ರಕ್ತದಲ್ಲಿ ದೇಹದ ಸಂಕಟವನ್ನು ತೋರುವ ಹಾರ್ಮೋನುಗಳು ಬಹಳ ಹೆಚ್ಚಿದವು. ಅನಂತರದ ತೊಡಕುಗಳೂ ಅವಕ್ಕೇ ಹೆಚ್ಚು. ಬಾಯಿ ಹೇಳಲಾರದ್ದನ್ನು ರಕ್ತ ಹೇಳಿತು. 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೂ ನವಜಾತರಿಗೆ ಅರಿವಳಿಕೆ ಸಲ್ಲಬೇಕೆಂದು ಸಾರಿತು.

ಇಂದು ತೀವ್ರ ನಿಗಾ ಘಟಕದ ದಾದಿ ಕೂಸಿನ ಹುಬ್ಬಿನ ಗಂಟು, ಬಿಗಿದ ಕಣ್ಣು, ಮೂಗಿನ ಪಕ್ಕದ ಗೆರೆ, ಎದೆಬಡಿತ ಇವನ್ನೆಲ್ಲ ನೋಡಿ ನೋವಿಗೆ ಅಂಕ ಹಾಕಬಲ್ಲಳು. ಹಿಮ್ಮಡಿ ಚುಚ್ಚುವಾಗ ನಾಲಗೆಗೆ ಸಕ್ಕರೆ ನೀರಿನ ಹನಿ, ತಾಯಿಯ ಮೊಲೆಹಾಲು, ಅವಳ ಎದೆಗೆ ಒರಗಿದ ಬರಿಮೈ ಇವೂ ನೋವನ್ನು ತಗ್ಗಿಸುತ್ತವೆಂದು ಪರೀಕ್ಷೆಗಳು ತೋರಿಸಿವೆ.

ಆದರೂ ತೀರ ಬಳಲಿದ ಕೂಸಿಗೆ ಅಳುವ ಶಕ್ತಿಯೂ ಇರುವುದಿಲ್ಲ. ಅದರ ಮೌನವನ್ನು ನೆಮ್ಮದಿಯೆಂದು ಓದುವ ಹಳೆಯ ತಪ್ಪಿಗೆ ಇಂದಿಗೂ ಎಡೆಯುಂಟು. ತೊಟ್ಟಿಲ ಬಳಿ ನಿಂತವರು ಮರೆಯಬಾರದ್ದು ಇದೊಂದನ್ನೇ ಎಂದು ನನಗೆ ತೋರುತ್ತದೆ.