ಮರದಿಂದ ಬಿದ್ದ ಬೆನ್ನು

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಜಯಪುರದ ಸುತ್ತಿನ ಅಡಿಕೆ ತೋಟಗಳಲ್ಲಿ ಕೊಳೆ ಔಷಧಿಯದೇ ಮಾತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಬುಡ ಹುಡುಕಿ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಬೆಳೆ ಉಳಿಯಿತು. ಆದರೆ ಔಷಧಿ ಹೊಡೆಯಬೇಕಾದದ್ದು ಮಳೆ ಹೊಳವಾದಾಗ, ಪಾಚಿಗಟ್ಟಿದ ಮರದ ತುದಿಯಲ್ಲಿ. ಕಾಲಿಗೆ ತಳೆ ಹಾಕಿ ಮಣೆಯ ಮೇಲೆ ಕೂತ ಕೊನೆಗಾರ ಜಾರಿದರೆ ನಡುವೆ ಹಿಡಿಯುವಂಥದ್ದು ಏನೂ ಇಲ್ಲ. ಬೆನ್ನುಹುರಿಯ ಪೆಟ್ಟು ಎಂದರೆ ಪೇಟೆಯವರಿಗೆ ಬೈಕು ನೆನಪಾಗುತ್ತದೆ, ಇಲ್ಲಿ ಮರ.

ಎದೆಭಾಗದ ಬೆನ್ನುಮೂಳೆಗೆ 12 ಮಣಿಗಳು, ಸುತ್ತ ಪಕ್ಕೆಲುಬಿನ ಆಸರೆ. ಸುಲಭಕ್ಕೆ ಮುರಿಯುವ ಜಾಗವಲ್ಲ. ಮುರಿದರೆ ಮಾತ್ರ ಕಷ್ಟ: ಹುರಿ ಹಾದುಹೋಗುವ ಓಣಿ ಇಲ್ಲಿ ತೀರಾ ಇಕ್ಕಟ್ಟು, ಹುರಿಗೆ ರಕ್ತದ ಪೂರೈಕೆಯೂ ಅಷ್ಟಕ್ಕಷ್ಟೆ. ಆದ್ದರಿಂದಲೇ ಎದೆಮಟ್ಟದ ಪೆಟ್ಟು ಎಷ್ಟೋ ಸಲ ಪೂರ್ತಿ ಪೆಟ್ಟೇ ಆಗಿಬಿಡುತ್ತದೆ. ಕುಂಡೆಯೂರಿ ಬಿದ್ದವರಲ್ಲಿ ಬಿಗಿಯಾದ ಎದೆಭಾಗ ಮುಗಿದು ಬಾಗುವ ಸೊಂಟ ಶುರುವಾಗುವ ಸಂಧಿಯೇ ಹೆಚ್ಚಾಗಿ ನಜ್ಜುಗುಜ್ಜಾಗುತ್ತದೆ. ವೈದ್ಯರು ಪಿನ್ನು ಚುಚ್ಚುತ್ತಾ ಸ್ಪರ್ಶ ನಿಲ್ಲುವ ಗೆರೆ ಹುಡುಕುತ್ತಾರೆ. ಮೊಲೆತೊಟ್ಟಿನ ಮಟ್ಟ ಎದೆಭಾಗದ ನಾಲ್ಕನೇ ನರದ್ದು, ಹೊಕ್ಕುಳಿನದು ಹತ್ತನೆಯದು. ಕೈ ಆಡುತ್ತದೆ, ಮಾತಿಗೆ ತೊಂದರೆಯಿಲ್ಲ. ಕಾಲು, ಮೂತ್ರ, ಮಲ ಯಾವುದೂ ಸ್ವಾಧೀನದಲ್ಲಿಲ್ಲ. ಪೆಟ್ಟು ಮೇಲಿನ ಎದೆಯದಾದರೆ ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಸೋತು, ಕೆಮ್ಮಿ ಕಫ ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ.

ಸುಮಾರು 3,600 ವರ್ಷ ಹಳೆಯದಾದ ಈಜಿಪ್ಟಿನ ಒಂದು ವೈದ್ಯಗ್ರಂಥ, ಕತ್ತಿನ ಮಣಿ ಸರಿದು ಕೈಕಾಲು ಸೋತವನಿಗೆ ಚಿಕಿತ್ಸೆ ಇಲ್ಲವೆಂದು ಕೈಚೆಲ್ಲಿದೆ. ಮೊದಲ ಮಹಾಯುದ್ಧದವರೆಗೂ ಈ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ. ಬೆನ್ನುಹುರಿಗೆ ಗುಂಡು ತಗುಲಿದ ಹತ್ತರಲ್ಲಿ ಎಂಟು ಸೈನಿಕರು ಕೆಲವೇ ವಾರಗಳಲ್ಲಿ ಸತ್ತರೆಂದು ಅಮೆರಿಕದ ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ದಾಖಲಿಸಿದರು. ಕೊಂದದ್ದು ಹೆಚ್ಚಾಗಿ ಹುರಿಯ ಗಾಯವಲ್ಲ, ಮೂತ್ರದ ಸೋಂಕು ಮತ್ತು ಬೆಡ್ ಸೋರ್.

ಈ ತೀರ್ಪನ್ನು ಮುರಿದವರು ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಲುಡ್ವಿಗ್ ಗುಟ್‌ಮನ್. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಅವರು ಮಾಡಿದ್ದು ಹೇಳಿಕೊಳ್ಳುವಂಥ ಆಪರೇಷನ್ ಅಲ್ಲ. ರಾತ್ರಿ ಹಗಲೆನ್ನದೆ ಎರಡೆರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸಿದರು, ಮೂತ್ರಕೋಶವನ್ನು ಚೊಕ್ಕಟವಾಗಿ ಖಾಲಿ ಮಾಡಿಸಿದರು, ಎದ್ದು ಕೂರಿಸಿ ಆಟಕ್ಕೆ ಹಚ್ಚಿದರು. 1948ರಲ್ಲಿ ಅಲ್ಲಿ ಬಿಲ್ಲು ಹಿಡಿದ 16 ಮಂದಿಯ ಸ್ಪರ್ಧೆಯೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ಈ ಕ್ಷೇತ್ರದಲ್ಲಿ ಅವರ ಆ ಆರೈಕೆಗಿಂತ ದೊಡ್ಡ ಹೆಜ್ಜೆ ಇವತ್ತಿಗೂ ಬಿದ್ದಿಲ್ಲ ಎಂದೇ ನನ್ನ ಲೆಕ್ಕ.

ಆಮೇಲೆ ಮೂಳೆಗೆ ರಾಡು-ಸ್ಕ್ರೂ ಬಂತು, ಎಂಆರ್‌ಐ ಬಂತು. 1990ರಲ್ಲಿ ಭಾರೀ ಪ್ರಮಾಣದ ಸ್ಟೆರಾಯ್ಡ್ ಮೇಲೆ ಎಲ್ಲರ ಕಣ್ಣು ಬಿತ್ತು. ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಬಹಳಷ್ಟು ವೈದ್ಯರು ಈಗ ಅದನ್ನು ಬಿಟ್ಟಿದ್ದಾರೆ. ಅದಕ್ಕೂ ಮೊದಲೇ, 1972ರಲ್ಲಿ ಅಮೆರಿಕದ ವೈದ್ಯ ಲ್ಯಾಪಿಡಿಸ್ ತೋರಿಸಿದ್ದು ಬಹಳ ಸರಳ ಉಪಾಯ: ಕೈ ತೊಳೆದು, ದಿನಕ್ಕೆ ನಾಲ್ಕಾರು ಸಲ ರೋಗಿಯೇ ಕೊಳವೆ ಹಾಕಿ ಮೂತ್ರ ತೆಗೆದುಕೊಳ್ಳುವುದು. ಕಿಡ್ನಿ ಉಳಿಸಿದ ಶ್ರೇಯಸ್ಸಿನಲ್ಲಿ ಅದಕ್ಕೆ ದೊಡ್ಡ ಪಾಲಿದೆ.

ನಮ್ಮ ಕಡೆಯ ಕಥೆಗೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಬೇಕು. 1954ರ ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದರು, ಪುನಶ್ಚೇತನ ಕೇಂದ್ರ ಕಟ್ಟಿದರು. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ 1959ರಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಹುಟ್ಟುಹಾಕಿದರು. 1974ರಲ್ಲಿ ಮಿದುಳು-ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್ ರೂಪುಗೊಂಡಿತು. ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ಸೇವಾಭಾರತಿಯ ಸೇವಾಧಾಮ ಬೆನ್ನುಹುರಿ ಪೆಟ್ಟಿನವರಿಗೆಂದೇ ಇದೆ. ಇನ್ನು ಹೊರದೇಶದ ಮಾತು: 2022ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ, ಎದೆಮಟ್ಟದಲ್ಲಿ ಹುರಿಗೆ ಪೂರ್ತಿ ಪೆಟ್ಟಾಗಿದ್ದ ಮೂವರು ಬೆನ್ನೊಳಗಿನ ವಿದ್ಯುತ್ ಸಾಧನದ ಬಲದಿಂದ, ಆಸರೆ ಹಿಡಿದು ಹೆಜ್ಜೆ ಹಾಕಿದ ವರದಿ ಬಂತು. ಸಂತೋಷದ ಸುದ್ದಿಯೇ. ಆದರೆ ಸಾಧನ ಆರಿಸಿದರೆ ಆ ನಡಿಗೆಯೂ ಹೆಚ್ಚುಕಡಿಮೆ ನಿಲ್ಲುತ್ತದೆ.

ಜಯಪುರದಿಂದ ನರಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಇಲ್ಲವೇ ಶಿವಮೊಗ್ಗಕ್ಕೆ ಹೋಗಬೇಕು. ಅದಕ್ಕೂ ಮೊದಲು ತೋಟದಿಂದ ರಸ್ತೆಗೆ ತರಬೇಕಲ್ಲ! ಬಿದ್ದವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿ ನೀರು ಕುಡಿಸುವುದು, ಆಮೇಲೆ ಜೀಪಿನ ಹಿಂದಿನ ಸೀಟಿಗೆ ಮಡಚಿ ತುರುಕುವುದು ಪ್ರೀತಿಯಿಂದಲೇ ನಡೆಯುವ ಕೆಲಸ. ಮುರಿದ ಮಣಿ ಅಷ್ಟರಲ್ಲಿ ಹುರಿಯನ್ನು ಇನ್ನಷ್ಟು ಜಜ್ಜಬಹುದು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವತನಕ ಅಲುಗಿಸದಿರುವುದೇ ಒಳ್ಳೆಯದು. ಎತ್ತಲೇಬೇಕಾದರೆ ನಾಲ್ಕು ಜನ ಸೇರಿ, ತಲೆ-ಬೆನ್ನು-ಸೊಂಟ ಒಂದೇ ನೇರಕ್ಕಿರುವಂತೆ ಹೊರಳಿಸಿ, ಬಾಗಿಲ ಹಲಗೆಯ ಮೇಲೆ ಮಲಗಿಸಬೇಕು.

ಮನೆಗೆ ಬಂದ ಮೇಲಿನ ಒಂದು ಸಂಗತಿ ಊರಿನ ವೈದ್ಯರಿಗೂ ಗೊತ್ತಿರಬೇಕು. ಎದೆಭಾಗದ ಆರನೇ ನರದ ಮಟ್ಟ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ಬಿಪಿ ಗಾಬರಿಯಾಗುವಷ್ಟು ಏರುತ್ತದೆ. ತುಂಬಿದ ಮೂತ್ರಕೋಶದ ಸುದ್ದಿ ಮಿದುಳಿಗೆ ಮುಟ್ಟದೆ, ಗಾಯದ ಕೆಳಗಿನ ನರಗಳು ತಮ್ಮಷ್ಟಕ್ಕೆ ರಕ್ತನಾಳ ಬಿಗಿಯುವುದರಿಂದ ಹೀಗಾಗುತ್ತದೆ. ಬಿಪಿ ಮಾತ್ರೆಗೆ ಕೈಹಾಕುವ ಮುಂಚೆ ರೋಗಿಯನ್ನು ಎತ್ತಿ ಕೂರಿಸಿ, ಹೊದಿಕೆ ಸರಿಸಿ, ತೊಡೆಯ ಕೆಳಗೆ ಮೂತ್ರದ ಕೊಳವೆ ಮಡಚಿಕೊಂಡಿದೆಯೇ ನೋಡಬೇಕು.